ಹೋಟೆಲಿನ ಹುಡುಗನ ಜಾಡು ಹಿಡಿದು

ಸ್ಕಾರ್ಬರೊ ರೈಲು ನಿಲ್ದಾಣದ ಒಂದನೇ ಪ್ಲಾಟ್‌ಫಾರಂನಲ್ಲಿ ಗೋಡೆಗೆ ಒತ್ತಿಕೊಂಡು ಒಂದು ಮರದ ಬೆಂಚಿದೆ. ಅದರ ಉದ್ದ 139 ಮೀಟರ್! ಜಗತ್ತಿನ ರೈಲು ನಿಲ್ದಾಣಗಳಲ್ಲೆಲ್ಲ ಇಷ್ಟುದ್ದದ ಬೆಂಚು ಇನ್ನೊಂದಿಲ್ಲ ಎಂದು ಊರಿನವರು ಹೆಮ್ಮೆಯಿಂದ ಹೇಳುತ್ತಾರೆ. ನಾನು ಅದರ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದೇ ನೋಡಿದೆ. ಒಂದು ಕಾಲಕ್ಕೆ ಸಮುದ್ರದ ಗಾಳಿ ಕುಡಿಯಲು ಬಂದು ಮನೆಗೆ ಮರಳುತ್ತಿದ್ದ ಗಿರಣಿ ಕಾರ್ಮಿಕರು, ಗುಮಾಸ್ತರು, ಅವರ ಹೆಂಡಿರು ಮಕ್ಕಳು ಎಲ್ಲ ಸಾಲಾಗಿ ಇಲ್ಲಿ ಕೂರುತ್ತಿದ್ದರೆಂದರೆ ಈ ಊರಿಗೆ ಎಂಥ ಜನಪ್ರವಾಹ ಹರಿದು ಬರುತ್ತಿತ್ತು ಎಂದು ಲೆಕ್ಕ ಹಾಕಿಕೊಳ್ಳಬಹುದು. ಬಂದವರಿಗೆಲ್ಲ ತಂಗಲು ಹಾಸಿಗೆ, ಬೆಳಿಗ್ಗೆ ತಿಂಡಿ ಬೇಕಲ್ಲ? ನಟ ಚಾರ್ಲ್ಸ್ ಲಾಟನ್‌ನ ಅಪ್ಪ ಅಮ್ಮ ಬದುಕಿದ್ದು ಆ ವ್ಯಾಪಾರದಿಂದ.

ನಿಲ್ದಾಣದಿಂದ ಹೊರಬಿದ್ದರೆ ಎದುರಿಗೇ ವಿಕ್ಟೋರಿಯಾ ಹೋಟೆಲ್ ಇದ್ದ ಕಟ್ಟಡ. 1899ರ ಜುಲೈ 1ರಂದು ಅವನು ಹುಟ್ಟಿದ್ದು ಅದರಲ್ಲಿ. ಗೋಡೆಯ ಮೇಲೆ ಒಂದು ಫಲಕವಿದೆ, ಅಷ್ಟೆ. ಬೆನ್ನಿಗೆ ಚೀಲ ಹೊತ್ತ ಹುಡುಗರು ಅದರ ಕೆಳಗೇ ನಿಂತು ಮೊಬೈಲು ನೋಡುತ್ತಿದ್ದರು. ಫಲಕದ ಫೋಟೊ ತೆಗೆಯುತ್ತಿದ್ದ ನನ್ನನ್ನು ಕಂಡು ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಒಬ್ಬ ಮುದುಕಪ್ಪ ನಿಂತ. "ಆ ಗೂನು ಬೆನ್ನಿನವನು ತಾನೇ?" ಎಂದು ಕೇಳಿ, ತಾನೇ ಭುಜ ಮೇಲೆತ್ತಿ, ಬಾಯಿ ಸೊಟ್ಟ ಮಾಡಿ ತೋರಿಸಿದ. 1939ರ ಸಿನಿಮಾದಲ್ಲಿ ಲಾಟನ್ ಮಾಡಿದ ಗೂನುಬೆನ್ನಿನ ಕ್ವಾಸಿಮೋಡೊ ಪಾತ್ರ ಇವತ್ತಿಗೂ ಈ ಬೀದಿಯ ಮುದುಕನೊಬ್ಬನ ಮೈಯಲ್ಲಿ ಎದ್ದು ಬರುತ್ತದೆಂದರೆ! ನಾನು ಇಷ್ಟು ದೂರ ಬಂದದ್ದು ಸಾರ್ಥಕವಾಯಿತು ಎನ್ನಿಸಿಬಿಟ್ಟಿತು.

ನನಗೂ ಲಾಟನ್ ಪರಿಚಯವಾದದ್ದು ಆ ಕ್ವಾಸಿಮೋಡೊನಿಂದಲೇ, ಮೈಸೂರಿನಲ್ಲಿ, ಫಿಲ್ಮ್ ಸೊಸೈಟಿಯೊಂದರ ಗೀರುಬಿದ್ದ ಪ್ರಿಂಟಿನಲ್ಲಿ. ಬಣ್ಣದ ವೇಷಧಾರಿ ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ತನ್ನ ಮುಖ ಅಳಿಸಿ ಬೇರೆ ಮುಖ ಬರೆದುಕೊಳ್ಳುತ್ತಾನಲ್ಲ, ಹಾಗೆ ಮುಖವನ್ನೇ ಕಳೆದುಕೊಂಡ ನಟನೊಬ್ಬ ಒಂದೇ ಒಂದು ಕಣ್ಣಿನಿಂದ ಇಡೀ ಪಾತ್ರ ತೂಗಿಸಿದ್ದ. ಆಮೇಲೆ ಹುಡುಕಿ ಹುಡುಕಿ ನೋಡಿದೆ. ರಾಜನಾಗಿ, ಹಡಗಿನ ಕ್ಯಾಪ್ಟನ್ ಆಗಿ, ಬಟ್ಲರನಾಗಿ, ಮುದಿ ವಕೀಲನಾಗಿ ಬೇರೆ ಬೇರೆ ಮನುಷ್ಯರು ಕಂಡರು. ಇಷ್ಟು ಜನ ಇವನಿಗೆ ಎಲ್ಲಿ ಸಿಕ್ಕರು ಎಂಬ ಪ್ರಶ್ನೆ ಹಿಡಿದುಕೊಂಡೇ ಇಂಗ್ಲೆಂಡಿಗೆ ಹೋದದ್ದು.

ಉತ್ತರದ ಮೊದಲ ತುಣುಕು ಈ ನಿಲ್ದಾಣದ ಎದುರಲ್ಲೇ ಇದೆ ಅನ್ನಿಸುತ್ತದೆ. ಹೋಟೆಲಿನಲ್ಲಿ ಬೆಳೆದ ಹುಡುಗ ಅವನು. ಯಾರು ಬಂದರೂ ನೋಡಬೇಕು, ನಗಬೇಕು, ಅವರು ಬಾಯಿ ಬಿಡುವ ಮೊದಲೇ ಯಾವ ತರಗತಿಯವರು, ಎಷ್ಟು ಬಾಡಿಗೆಯ ಕೋಣೆ ಕೇಳುತ್ತಾರೆ ಎಂದು ಅಂದಾಜು ಮಾಡಬೇಕು. ಮನೆಯವರು ಮುಂದೆ ಹತ್ತಿರದಲ್ಲೇ ಇದ್ದ ದೊಡ್ಡ ಪೆವಿಲಿಯನ್ ಹೋಟೆಲನ್ನೂ ನಡೆಸಿದರು. ಅದೀಗ ಇಲ್ಲ, 1970ರ ದಶಕದಲ್ಲಿ ಕೆಡವಿ ಕಚೇರಿ ಕಟ್ಟಿದ್ದಾರೆ. ಅಮ್ಮ ಐರಿಷ್ ಮೂಲದ ಕಟ್ಟಾ ಕ್ಯಾಥೊಲಿಕ್. ಮಗನನ್ನು ಸ್ಟೋನಿಹರ್ಸ್ಟ್‌ನ ಜೆಸ್ಯುಯಿಟ್ ಶಾಲೆಗೆ ಕಳಿಸಿದಳು. ಅಲ್ಲಿಂದ ಹೋಟೆಲು ಕಸುಬು ಕಲಿಯಲಿ ಎಂದು ಲಂಡನ್ನಿನ ಕ್ಲಾರಿಜಸ್ ಹೋಟೆಲಿಗೆ. ಹಗಲು ಕೌಂಟರಿನ ಹಿಂದೆ ಕೆಲಸ, ರಾತ್ರಿ ಥಿಯೇಟರಿನ ಗ್ಯಾಲರಿ. ಅಷ್ಟರಲ್ಲಿ ಮೊದಲ ಮಹಾಯುದ್ಧ. ಸಾಮಾನ್ಯ ಸಿಪಾಯಿಯಾಗಿ ಸೇರಿದ ಅವನು ಕೊನೆಯ ದಿನಗಳಲ್ಲಿ ವಿಷಾನಿಲ ಕುಡಿದು ಊರಿಗೆ ಮರಳಿದ. ಮತ್ತೆ ಅದೇ ಹೋಟೆಲು, ಅದೇ ಲೆಕ್ಕದ ಪುಸ್ತಕ. ಜೊತೆಗೆ ಊರಿನ ಹವ್ಯಾಸಿ ತಂಡದಲ್ಲಿ ನಾಟಕ. ಮನೆಯವರು ಒಪ್ಪಿ ನಟನೆ ಕಲಿಯಲು ಕಳಿಸುವಷ್ಟರಲ್ಲಿ ವಯಸ್ಸು ಇಪ್ಪತ್ತೈದು ದಾಟಿತ್ತು.

ಊರು ಇಳಿಜಾರಿನಲ್ಲಿದೆ. ಕೆಳಗೆ ಮರಳು, ಕಡಲು, ಬಂಡೆಯ ತುದಿಯಲ್ಲಿ ಹಾಳು ಕೋಟೆ. 1867ರಲ್ಲಿ ತೆರೆದ ಗ್ರ್ಯಾಂಡ್ ಹೋಟೆಲನ್ನು ಕಂಡು ನಾನು ಬಾಯಿಬಿಟ್ಟು ನಿಂತೆ. ನಾಲ್ಕು ಋತುವಿಗೆ ನಾಲ್ಕು ಗೋಪುರ, ತಿಂಗಳಿಗೊಂದರಂತೆ 12 ಅಂತಸ್ತು, ವಾರಕ್ಕೊಂದರಂತೆ 52 ಚಿಮಣಿ, ದಿನಕ್ಕೊಂದರಂತೆ 365 ಕೋಣೆ! ಪಂಚಾಂಗವನ್ನೇ ಇಟ್ಟಿಗೆಯಲ್ಲಿ ಕಟ್ಟಿದ ಮಹಾನುಭಾವ ಕತ್‌ಬರ್ಟ್ ಬ್ರಾಡ್ರಿಕ್ ಎಂಬ ವಾಸ್ತುಶಿಲ್ಪಿ. ಇನ್ನೊಂದು ಬೆರಗು ನಿಲ್ದಾಣದ ಎದುರೇ ಕಾದಿತ್ತು. 1936ರಲ್ಲಿ ಕಟ್ಟಿದ ಓಡಿಯನ್ ಸಿನಿಮಾ ಮಂದಿರ ಮುಚ್ಚಿಹೋಗಿ, 1996ರಲ್ಲಿ ಸ್ಟೀಫನ್ ಜೋಸೆಫ್ ಥಿಯೇಟರ್ ಆಗಿ ಬಾಗಿಲು ತೆರೆದಿದೆ. ನಾಟಕಕಾರ ಅಲನ್ ಏಕ್‌ಬರ್ನ್ ಬೆಳೆಸಿದ ರಂಗಮಂದಿರ ಅದು. ನಡುವೆ ರಂಗ, ಸುತ್ತಲೂ ಪ್ರೇಕ್ಷಕರು. ನಾಟಕದವರೆಲ್ಲ ಸಿನಿಮಾ ಪಾಲಾದರು ಎಂದು ಗೊಣಗುವುದನ್ನೇ ಕೇಳಿ ಬೆಳೆದವಳಿಗೆ, ಸಿನಿಮಾ ಮಂದಿರವೊಂದು ನಾಟಕದ ಪಾಲಾದದ್ದನ್ನು ಕಂಡು ಒಳಗೊಳಗೇ ಖುಷಿ.

ಲಂಡನ್ನಿನಲ್ಲಿ ಗೋವರ್ ಬೀದಿಯ ರಾಡಾ ನಾಟಕಶಾಲೆಯ ಮುಂದೆ ನಿಂತದ್ದು ಎರಡು ನಿಮಿಷ. ಒಳಗೆ ಬಿಡುವುದಿಲ್ಲ, ಹೊರಗೆ ನೋಡುವಂಥದ್ದೇನಿಲ್ಲ. ದಪ್ಪ ಮೈ, ಜೋತ ತುಟಿ, ಯಾರ್ಕ್‌ಶೈರ್ ಉಚ್ಚಾರಣೆಯ ಆ ಹೋಟೆಲು ಹುಡುಗ 1925ರಲ್ಲಿ ಇಲ್ಲಿಗೆ ಬಂದು ಮರುವರ್ಷ ಚಿನ್ನದ ಪದಕ ಹೊಡೆದುಕೊಂಡು ಹೊರಬಿದ್ದ. 1926ರ ಏಪ್ರಿಲಿನಲ್ಲಿ ವೃತ್ತಿರಂಗದ ಮೊದಲ ಪಾತ್ರ, ಗೊಗೊಲ್‌ನ 'ಸರಕಾರಿ ಇನ್ಸ್‌ಪೆಕ್ಟರ್' ನಾಟಕದಲ್ಲಿ ಸೇವಕ ಓಸಿಪ್. ಎರಡೇ ವರ್ಷಕ್ಕೆ 'ಅಲಿಬೈ' ನಾಟಕದಲ್ಲಿ ಹರ್ಕ್ಯೂಲ್ ಪಾಯ್ರೊ. ಅಗಾಥಾ ಕ್ರಿಸ್ಟಿಯ ಆ ಪತ್ತೇದಾರನಿಗೆ ಜೀವ ಕೊಟ್ಟ ಮೊದಲ ನಟ ಲಾಟನ್ ಎಂಬುದು ಎಷ್ಟು ಜನಕ್ಕೆ ಗೊತ್ತು? ಆ ದಿನಗಳಲ್ಲಿ ಅವನಿದ್ದ ಪರ್ಸಿ ಬೀದಿಯ 15ನೇ ನಂಬರಿನ ಮನೆಗೆ ಈಗ ನೀಲಿ ಫಲಕವಿದೆ. ಸುತ್ತ ಹೋಟೆಲುಗಳ ಘಮಲು. ನಟಿ ಎಲ್ಸಾ ಲ್ಯಾಂಚೆಸ್ಟರ್‌ಳನ್ನು ಮದುವೆಯಾದದ್ದು 1929ರಲ್ಲಿ, ಈ ಮನೆಯಲ್ಲಿದ್ದಾಗಲೇ. ಫ್ರಾಂಕನ್‌ಸ್ಟೈನನ ವಧುವಾಗಿ, ಮಿಂಚು ಹೊಡೆದಂಥ ಕೂದಲು ಕೆದರಿಕೊಂಡು ಬರುತ್ತಾಳಲ್ಲ, ಅವಳೇ.

ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿ ಮಾತ್ರ ಗಂಟೆ ಕಳೆದದ್ದೇ ತಿಳಿಯಲಿಲ್ಲ. ಅಲ್ಲಿ ಹಾನ್ಸ್ ಹೋಲ್ಬೈನ್ ಬರೆದ ಎಂಟನೇ ಹೆನ್ರಿಯ ಚಿತ್ರವಿದೆ. ಅರಮನೆಯ ಗೋಡೆಗೆ ಬರೆಯುವ ಮುನ್ನ ಕಾಗದದ ಮೇಲೆ ಆಳೆತ್ತರಕ್ಕೆ ಮಾಡಿಕೊಂಡ ಮಸಿಯ ನಕ್ಷೆ ಅದು. ಗೋಡೆಯ ಚಿತ್ರ ಬೆಂಕಿಗೆ ಹೋಯಿತು, ಕಾಗದ ಉಳಿಯಿತು! ಹತ್ತಿರ ಹೋದರೆ ಹಾಳೆಗೆ ಹಾಳೆ ಅಂಟಿಸಿದ ಬೆಸುಗೆ ಕಾಣುತ್ತದೆ. ಗೆರೆಗುಂಟ ಸೂಜಿಯಿಂದ ಚುಚ್ಚಿದ ಸಣ್ಣ ಸಣ್ಣ ತೂತುಗಳು, ಗೆರೆಯನ್ನು ಗೋಡೆಗೆ ಇಳಿಸಿಕೊಳ್ಳಲು. ರಾಜ ಕಾಲು ಅಗಲಿಸಿ ನಿಂತಿದ್ದಾನೆ, ಅಂಗಿಯ ಭುಜಗಳು ಬಾಗಿಲಿಗೆ ಹಿಡಿಸದಷ್ಟು ಅಗಲ. 1933ರ 'ದಿ ಪ್ರೈವೇಟ್ ಲೈಫ್ ಆಫ್ ಹೆನ್ರಿ VIII' ಚಿತ್ರದಲ್ಲಿ ಲಾಟನ್ ಮೊದಲ ಸಲ ಕಾಣುವುದು ಬಾಗಿಲ ಚೌಕಟ್ಟಿನಲ್ಲಿ, ಇದೇ ಭಂಗಿಯಲ್ಲಿ. ಹೋಲ್ಬೈನನ ಗೆರೆಯನ್ನು ಅವನು ಮೈಗೆ ಇಳಿಸಿಕೊಂಡಿದ್ದ. ವಿಶೇಷ ಅದಲ್ಲ, ಅದನ್ನು ಯಾರಾದರೂ ಅಭ್ಯಾಸ ಮಾಡಿ ಮಾಡಿಯಾರು. ಆ ಗೆರೆಯೊಳಗಿಂದ ಒಂದು ಮಗು ಇಣುಕುತ್ತದೆ. ಕೋಳಿಯನ್ನು ಕೈಯಲ್ಲೇ ಹರಿದು, ತಿಂದು, ಮೂಳೆಯನ್ನು ಹೆಗಲ ಮೇಲಿಂದ ಹಿಂದಕ್ಕೆ ಎಸೆಯುತ್ತ ಶಿಷ್ಟಾಚಾರ ಹಾಳಾಯಿತೆಂದು ಹಲುಬುತ್ತದೆ. ಕಡಿಮೆ ದುಡ್ಡಿನಲ್ಲಿ ಅಲೆಕ್ಸಾಂಡರ್ ಕೊರ್ಡಾ ತೆಗೆದ ಆ ಚಿತ್ರ ನ್ಯೂಯಾರ್ಕಿನಲ್ಲಿ ಗೆದ್ದಿತು, ಲಾಟನ್‌ಗೆ ಆಸ್ಕರ್ ತಂದಿತು. ಅದಕ್ಕೂ ಮುಂಚೆ ಬ್ರಿಟಿಷ್ ಚಿತ್ರವೊಂದರ ನಟನಿಗೆ ಅದು ಸಿಕ್ಕಿರಲಿಲ್ಲ.

ಆ ಹೊತ್ತಿಗೆ ಅವನೆಲ್ಲಿದ್ದ? ವಾಟರ್ಲೂ ನಿಲ್ದಾಣದ ಹಿಂದಿನ ಓಲ್ಡ್ ವಿಕ್ ರಂಗಮಂದಿರದಲ್ಲಿ. ಹೆಸರು, ಹಣ ಎರಡೂ ಕೈಗೆ ಬರುತ್ತಿರುವಾಗ ಟೈರೋನ್ ಗತ್ರಿಯ ನಿರ್ದೇಶನದಲ್ಲಿ ಒಂದು ಋತು ಪೂರ್ತಿ ಷೇಕ್ಸ್‌ಪಿಯರ್, ಚೆಕಾಫ್, ಕಾಂಗ್ರೀವ್ ಆಡುತ್ತಿದ್ದ. 'ಚೆರಿ ಆರ್ಚರ್ಡ್'ನಲ್ಲಿ ಲೊಪಾಖಿನ್, 'ಮೆಷರ್ ಫಾರ್ ಮೆಷರ್'ನಲ್ಲಿ ಏಂಜೆಲೊ. ಮ್ಯಾಕ್‌ಬೆತ್ ಮಾತ್ರ ಕೈಕೊಟ್ಟಿತು. ಥಿಯೇಟರಿನ ಯಜಮಾನಿ ಲಿಲಿಯನ್ ಬೇಲಿಸ್ ಮೊದಲ ರಾತ್ರಿಯ ನಂತರ ಬೆನ್ನು ತಟ್ಟಿ, ನಿನ್ನ ಕೈಲಾದ್ದು ನೀನು ಮಾಡಿದೆ, ಮುಂದೊಂದು ದಿನ ಒಳ್ಳೇ ಮ್ಯಾಕ್‌ಬೆತ್ ಆದರೂ ಆಗಬಹುದು ಎಂಬರ್ಥದಲ್ಲಿ ಸಮಾಧಾನ ಹೇಳಿದಳಂತೆ. ಬೈದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ! ನನಗೆ ತೋರುವ ಮಟ್ಟಿಗೆ ಷೇಕ್ಸ್‌ಪಿಯರನ ಪದ್ಯ ಅವನ ನಾಲಗೆಗೆ ಸಲೀಸಾಗಿ ಒಗ್ಗಿದ್ದಲ್ಲ. ಅವನಿಗೆ ಮೊದಲು ಮನುಷ್ಯ ಸಿಗಬೇಕು. ಅವನ ಅಂಗಿ, ನಡಿಗೆ, ಊಟದ ರೀತಿ ಎಲ್ಲ ಕೈಗೆ ತಾಗಬೇಕು. 'ಮ್ಯುಟಿನಿ ಆನ್ ದಿ ಬೌಂಟಿ' ಚಿತ್ರಕ್ಕೆ ಕ್ಯಾಪ್ಟನ್ ಬ್ಲೈ ಆಗುವಾಗ ಗೀವ್ಸ್ ಎಂಬ ಹಳೇ ದರ್ಜಿ ಅಂಗಡಿಗೆ ಹೋಗಿ ವಿಚಾರಿಸಿದರೆ, ನೂರೈವತ್ತು ವರ್ಷದ ಹಿಂದೆ ಅದೇ ಬ್ಲೈಗೆ ಹೊಲಿದುಕೊಟ್ಟ ಲೆಕ್ಕ ಅವರ ಪುಸ್ತಕದಲ್ಲಿತ್ತೆಂದೂ ಅದನ್ನು ನೋಡಿಯೇ ಇವನಿಗೂ ಹೊಲಿದರೆಂದೂ ಕಥೆ.

"ಚಿಕ್ಕಮ್ಮ, ಡೆನಮ್‌ನಲ್ಲಿ ನೋಡೋಕೇನೂ ಇಲ್ಲ. ಬರೀ ಆಫೀಸು ಬಿಲ್ಡಿಂಗು" ಎಂದ ನನ್ನ ಅಕ್ಕನ ಮಗ. ಅವನ ಮನೆ ಅಕ್ಸ್‌ಬ್ರಿಜ್‌ನಲ್ಲಿ. ಅಲ್ಲಿಂದ ಕಾರಿನಲ್ಲಿ ಅರ್ಧ ಗಂಟೆಯೂ ಬೇಡ.

"ಇರಲಿ ಕಣೋ, ಜಾಗ ಆದರೂ ನೋಡ್ತೀನಿ. ನಮ್ಮೂರಿನ ಹುಡುಗ ಒಬ್ಬ ಅಲ್ಲಿದ್ದ."

"ಯಾರು? ಯಾವಾಗ?"

ಅವನಿಗೆ ದಾರಿಯಲ್ಲಿ ಸಾಬು ಕಥೆ ಹೇಳಿದೆ. ಹೆನ್ರಿ ಚಿತ್ರದ ಗೆಲುವಿನ ಬಲದ ಮೇಲೆ ಕೊರ್ಡಾ ಡೆನಮ್‌ನಲ್ಲಿ ದೊಡ್ಡ ಸ್ಟುಡಿಯೊ ಕಟ್ಟಿಸಿದ. 1936ರಲ್ಲಿ ಅದು ಶುರುವಾಯಿತು. ಅದೇ ಕೊರ್ಡಾನ ಕಂಪನಿ 'ಎಲಿಫೆಂಟ್ ಬಾಯ್' ತೆಗೆಯಲು ರಾಬರ್ಟ್ ಫ್ಲಾಹರ್ಟಿಯನ್ನು ಮೈಸೂರಿಗೆ ಕಳಿಸಿತ್ತು. ಕಬಿನಿ ದಡದ ಕಾರಾಪುರದ ಮಾವುತನ ಮಗ ಸಾಬು ಆ ಚಿತ್ರದ ನಾಯಕನಾಗಿ, ಉಳಿದ ಚಿತ್ರೀಕರಣಕ್ಕೆಂದು ಡೆನಮ್‌ಗೆ ಬಂದ. ಆನೆಯ ಬೆನ್ನ ಮೇಲೆ ಬೆಳೆದ ಹನ್ನೆರಡರ ಹುಡುಗ ಇಂಗ್ಲಿಷರ ಹಳ್ಳಿಯಲ್ಲಿ! ಅದೇ ಕಾಲಕ್ಕೆ ಅದೇ ಸ್ಟುಡಿಯೊದಲ್ಲಿ ಲಾಟನ್ ರೆಂಬ್ರಾಂಟ್ ಆಗಿದ್ದ, ಆಮೇಲೆ ರೋಮ್ ಚಕ್ರವರ್ತಿ ಕ್ಲಾಡಿಯಸ್ ಆಗಲು ಹೆಣಗುತ್ತಿದ್ದ. ತನ್ನ ಮುಖ ಆನೆಯ ಹಿಂಭಾಗದ ಹಾಗಿದೆ ಎಂದು ತಾನೇ ತಮಾಷೆ ಮಾಡಿಕೊಳ್ಳುತ್ತಿದ್ದನಂತೆ ಅವನು. ಇಬ್ಬರೂ ಒಂದೇ ಕ್ಯಾಂಟೀನಿನಲ್ಲಿ ಎದುರುಬದುರಾದರೋ ಇಲ್ಲವೋ, ಆದರೆ ಎಷ್ಟು ಚೆಂದ!

ಕ್ಲಾಡಿಯಸ್‌ನ ರಾಣಿ ಮೆಸಲೀನಾ ಆಗಬೇಕಿದ್ದವಳು ಮರ್ಲ್ ಒಬೆರಾನ್. ಹುಟ್ಟಿದ್ದು ಮುಂಬಯಿಯಲ್ಲಿ, ಆದರೆ ತಾನು ಟಾಸ್ಮೇನಿಯಾದವಳು ಎಂದು ಬದುಕಿಡೀ ಹೇಳಿಕೊಂಡಳು. ಅವಳೂ ಅಲ್ಲಿ ದಿನವಿಡೀ ಇನ್ನೊಂದು ವೇಷ ತೊಟ್ಟೇ ಇದ್ದಳಲ್ಲ ಎಂದು ಯೋಚಿಸುತ್ತೇನೆ. ಲಾಟನ್‌ಗೋ ಕ್ಲಾಡಿಯಸ್ ಎಷ್ಟು ದಿನವಾದರೂ ಕೈಗೆ ಸಿಗಲಿಲ್ಲ. ನಿರ್ದೇಶಕ ಸ್ಟರ್ನ್‌ಬರ್ಗ್ ಕಾದು ಕಾದು ಬೇಸತ್ತ. ಕೊನೆಗೆ ಒಂದು ದಿನ ಆ ಮನುಷ್ಯ ಸಿಕ್ಕಿದ. 1936ರ ಡಿಸೆಂಬರಿನಲ್ಲಿ ಎಂಟನೇ ಎಡ್ವರ್ಡ್ ಪಟ್ಟ ಬಿಟ್ಟು ರೇಡಿಯೊದಲ್ಲಿ ಮಾತಾಡಿದ್ದನಲ್ಲ, ಆ ಮುದ್ರಿಕೆಯಲ್ಲಿ! ಅದನ್ನು ಹಾಕಿ ಹಾಕಿ ಕೇಳಿ ಸೆಟ್ಟಿಗೆ ಬರುತ್ತಿದ್ದ. ಅಷ್ಟರಲ್ಲಿ, 1937ರ ಮಾರ್ಚಿನಲ್ಲಿ, ಮರ್ಲ್‌ಗೆ ಕಾರು ಅಪಘಾತವಾಗಿ ಚಿತ್ರ ನಿಂತೇಹೋಯಿತು. ಉಳಿದ ಚೂರುಪಾರು ರೀಲುಗಳನ್ನು 1965ರಲ್ಲಿ ಬಿಬಿಸಿ ಸಾಕ್ಷ್ಯಚಿತ್ರವಾಗಿ ತೋರಿಸಿತು. ಸೆನೆಟಿನ ಮುಂದೆ ಕ್ಲಾಡಿಯಸ್ ತೊದಲುತ್ತ ಶುರುಮಾಡಿ ತೊದಲು ಮೀರಿ ನಿಲ್ಲುವ ದೃಶ್ಯ ಅದರಲ್ಲಿದೆ. ಮುಗಿಯದ ಸಿನಿಮಾದ ಆ ಕೆಲವು ನಿಮಿಷಗಳಿಗೆ ನಾನು ಅವನ ಎಷ್ಟೋ ಮುಗಿದ ಸಿನಿಮಾಗಳನ್ನು ಬಿಟ್ಟುಕೊಡಬಲ್ಲೆ.

ಅಕ್ಕನ ಮಗ ಹೇಳಿದ್ದು ನಿಜ. ಸ್ಟುಡಿಯೊ ಕೆಡವಿ ದಶಕಗಳಾಗಿವೆ, ನಿಂತಿರುವುದು ಕಚೇರಿಗಳು. ವಾಲ್ಟರ್ ಗ್ರೋಪಿಯಸ್‌ನ ಕೈಯಿದ್ದ ಬಿಳಿ ಲ್ಯಾಬ್ ಕಟ್ಟಡ ಮಾತ್ರ ಉಳಿದಿದೆ, ಅದರಲ್ಲೂ ಈಗ ಸಂಸಾರಗಳು. ಯಾರದೋ ಬಾಲ್ಕನಿಯಲ್ಲಿ ಸೈಕಲ್ಲು ನಿಲ್ಲಿಸಿತ್ತು. "ಕಾರಾಪುರದವನು ಇಲ್ಲಿಗೆ ಬಂದಿದ್ದನಾ!" ಎಂದು ಅವನೇ ಎರಡು ಸಲ ಹೇಳಿದ. ಹೆಗ್ಗಡದೇವನಕೋಟೆಯ ಬಸ್ಸಿನಲ್ಲಿ ಅಜ್ಜಿ ಮನೆಗೆ ಹೋಗಿ ಬಂದವನು ಅವನು.

ಷೇಕ್ಸ್‌ಪಿಯರನ ಊರಾದ ಸ್ಟ್ರಾಟ್‌ಫರ್ಡ್‌ಗೆ ಹೋಗುವ ರೈಲೂ ಮೆರಿಲ್‌ಬೋನ್‌ನಿಂದ ಹೊರಟು ಡೆನಮ್ ದಾಟಿಯೇ ಹೋಗುತ್ತದೆ. ಲಾಟನ್ ಮಾತ್ರ ಅಲ್ಲಿಗೆ ಬಂದದ್ದು ಅಮೆರಿಕವನ್ನೆಲ್ಲ ಸುತ್ತಿಕೊಂಡು. 1939ರಲ್ಲಿ ಕ್ವಾಸಿಮೋಡೊ ಆಗಲು ಹಾಲಿವುಡ್‌ಗೆ ಹೋದವನು ಅಲ್ಲೇ ನೆಲೆ ನಿಂತ, 1950ರಲ್ಲಿ ಅಮೆರಿಕದ ಪ್ರಜೆಯಾದ. ಬ್ರಿಟನ್ ಯುದ್ಧ ಸಾರಿದ ಸುದ್ದಿ ಬಂದಾಗ ಗಂಟೆ ಬಾರಿಸುವ ದೃಶ್ಯದ ಚಿತ್ರೀಕರಣ ನಡೆದಿತ್ತಂತೆ. ಲಾಟನ್ ಬಾರಿಸುತ್ತಲೇ ಹೋದ, ನಿಲ್ಲಿಸಲೇ ಇಲ್ಲ, ಸುಸ್ತಾಗಿ ಬೀಳುವ ತನಕ ಬಾರಿಸಿದ ಎಂದು ನಿರ್ದೇಶಕ ಡೀಟರ್ಲೆ ಮುಂದೆ ನೆನೆಸಿಕೊಂಡಿದ್ದಾನೆ. ಹಿಂದಿನ ಯುದ್ಧದ ವಿಷಗಾಳಿ ಕುಡಿದಿದ್ದ ಮನುಷ್ಯ ಎಂಬುದು ಗೊತ್ತಿದ್ದರೆ ಆ ದೃಶ್ಯ ಬೇರೆಯೇ ಕೇಳಿಸುತ್ತದೆ.

ಅಮೆರಿಕದಲ್ಲಿ ಬರ್ಟೋಲ್ಟ್ ಬ್ರೆಕ್ಟ್ ಸಿಕ್ಕಿದ. ಹಿಟ್ಲರನಿಂದ ತಪ್ಪಿಸಿಕೊಂಡು ಬಂದಿದ್ದ ಬ್ರೆಕ್ಟ್‌ನ 'ಗೆಲಿಲಿಯೊ' ನಾಟಕವನ್ನು ಇಬ್ಬರೂ ಸೇರಿ ಇಂಗ್ಲಿಷಿಗೆ ತಂದ ಬಗೆಯೇ ಒಂದು ಪ್ರಹಸನ. ಲಾಟನ್‌ಗೆ ಜರ್ಮನ್ ಬಾರದು, ಬ್ರೆಕ್ಟ್‌ಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಅವನು ಹರಕು ಇಂಗ್ಲಿಷಿನಲ್ಲೋ ಜರ್ಮನಿನಲ್ಲೋ ಒಂದು ಮಾತನ್ನು ಅಭಿನಯಿಸಿ ತೋರಿಸುವುದು, ಇವನು ಅದನ್ನು ಹತ್ತು ಥರ ಆಡಿ ನೋಡುವುದು, ಒಪ್ಪಿದ್ದನ್ನು ಬರೆದುಕೊಳ್ಳುವುದು. ವರ್ಷಗಟ್ಟಲೆ ನಡೆಯಿತು. ನಡುವೆ ಹಿರೋಷಿಮಾದ ಮೇಲೆ ಬಾಂಬು ಬಿತ್ತು. ಸತ್ಯ ಗೊತ್ತಿದ್ದೂ ಅಧಿಕಾರಕ್ಕೆ ಮಣಿದ ವಿಜ್ಞಾನಿಯ ಕಥೆಗೆ ಬೇರೆ ಬಿಸಿ ಬಂತು. 1947ರ ಜುಲೈ 30ರಂದು ಲಾಸ್ ಏಂಜಲೀಸಿನ ಪುಟ್ಟ ಕರೊನೆಟ್ ಥಿಯೇಟರಿನಲ್ಲಿ ಮೊದಲ ಪ್ರಯೋಗ. ಉರಿಬಿಸಿಲು. ಜನ ತಲೆ ಓಡಿಸಲಾದರೂ ತಂಪಿರಬೇಡವೇ ಎಂದು ಲಾಟನ್ ಲಾರಿಗಟ್ಟಲೆ ಐಸ್ ತರಿಸಿ ಗೋಡೆಗೆ ಒತ್ತಿ ನಿಲ್ಲಿಸಿ, ಫ್ಯಾನ್ ಹಾಕಿಸಬೇಕೆಂದು ಹಟ ಹಿಡಿದ ಎಂದು ಬ್ರೆಕ್ಟ್ ಬರೆದಿಟ್ಟಿದ್ದಾನೆ. ಗಿರಾಕಿಯ ಸೌಕರ್ಯ ಮೊದಲು! ಸ್ಕಾರ್ಬರೊ ಹೋಟೆಲಿನವರ ಮಗ ಹೀಗಲ್ಲದೆ ಇನ್ನು ಹೇಗೆ ಯೋಚಿಸಿಯಾನು?

ನಿರ್ದೇಶಿಸಿದ್ದು ಒಂದೇ ಸಿನಿಮಾ, 1955ರ 'ದಿ ನೈಟ್ ಆಫ್ ದಿ ಹಂಟರ್'. ಆಗ ಮಕಾಡೆ ಮಲಗಿತು, ಮತ್ತೆಂದೂ ನಿರ್ದೇಶಿಸಲಿಲ್ಲ. ಈಗ ಜಗತ್ತಿನ ಶ್ರೇಷ್ಠ ಚಿತ್ರಗಳ ಪಟ್ಟಿಗಳಲ್ಲಿ ಅದಿಲ್ಲದಿದ್ದರೆ ಪಟ್ಟಿಯನ್ನೇ ಅನುಮಾನಿಸುತ್ತಾರೆ. 1957ರ 'ವಿಟ್ನೆಸ್ ಫಾರ್ ದಿ ಪ್ರಾಸಿಕ್ಯೂಷನ್' ಮಾತ್ರ ಭರ್ಜರಿಯಾಗಿ ಓಡಿತು. ಅದರಲ್ಲಿ ಗಂಡ ಮುದಿ ವಕೀಲ, ಹೆಂಡತಿ ಎಲ್ಸಾ ಅವನ ಬೆನ್ನುಬಿಡದ ನರ್ಸ್. ಆ ವರ್ಷ ಇಬ್ಬರ ಹೆಸರೂ ಆಸ್ಕರ್ ಪಟ್ಟಿಯಲ್ಲಿದ್ದವು.

ಸ್ಟ್ರಾಟ್‌ಫರ್ಡ್‌ನಲ್ಲಿ ಏವನ್ ನದಿ ದಡದ ರಂಗಮಂದಿರ 1932ರದ್ದು. ಹೊರಗಿನ ಇಟ್ಟಿಗೆ ಹಳೆಯದು, ಒಳಗನ್ನು ಈಚೆಗೆ ಪೂರ್ತಿ ಬಿಚ್ಚಿ ಕಟ್ಟಿ ರಂಗವನ್ನು ಪ್ರೇಕ್ಷಕರ ನಡುವಿಗೇ ತಂದಿದ್ದಾರೆ. 1959ರಲ್ಲಿ, ಅರವತ್ತರ ಹೊಸ್ತಿಲಲ್ಲಿ, ಲಾಟನ್ ಇಲ್ಲಿ ಎರಡು ಪಾತ್ರ ಮಾಡಿದ. ಕಿಂಗ್ ಲಿಯರ್, ಮತ್ತು 'ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್'ನ ನೇಕಾರ ಬಾಟಮ್. ಆ ಋತುವಿನ ತಂಡ ಎಂಥದ್ದೆನ್ನುತ್ತೀರಿ! ಒಥೆಲೊ ಆಗಿ ಪಾಲ್ ರಾಬ್ಸನ್, ಕೊರಿಯೊಲೇನಸ್ ಆಗಿ ಒಲಿವಿಯೇ. ಲಿಯರ್‌ನ ವಿದೂಷಕ ಇಯಾನ್ ಹೋಮ್, ಎಡ್ಗರ್ ಆಗಿ ಆಲ್ಬರ್ಟ್ ಫಿನ್ನಿ, ಕನಸಿನ ನಾಟಕದ ಹೆಲೆನಾ ವೆನೆಸಾ ರೆಡ್‌ಗ್ರೇವ್. ಮುಂದೆ ಜಗತ್ತು ಆಳಿದ ಹುಡುಗ ಹುಡುಗಿಯರು ಆಗ ಮುದುಕನ ಸುತ್ತ ನಿಂತಿದ್ದರು. ಲಿಯರ್ ಬಗ್ಗೆ ವಿಮರ್ಶಕರು ಒಮ್ಮತಕ್ಕೆ ಬರಲಿಲ್ಲ. ರಾಜಗಾಂಭೀರ್ಯ ಸಾಲದು, ದನಿ ಸಾಲದು ಎಂದರು ಕೆಲವರು. ಅಬ್ಬರದ ರಾಜನನ್ನು ನಿರೀಕ್ಷಿಸಿ ಬಂದವರಿಗೆ ಬಿಳಿಗಡ್ಡದ ಒಬ್ಬ ಮುದಿ ಅಪ್ಪ ಎದುರಾಗಿರಬೇಕು. ದಶಕಗಳ ಕಾಲ ಮನಸ್ಸಿನಲ್ಲಿಟ್ಟುಕೊಂಡು ಕಾದಿದ್ದ ಪಾತ್ರ ಅದು. ಅವನ ಧೈರ್ಯಕ್ಕೆ ನಾನು ಬೆರಗಾಗುತ್ತೇನೆ. ಮ್ಯಾಕ್‌ಬೆತ್‌ನಲ್ಲಿ ಪೆಟ್ಟು ತಿಂದ ದೇಶಕ್ಕೇ ಲಿಯರ್ ಹೊತ್ತುಕೊಂಡು ಬರುವುದೆಂದರೆ ಹುಡುಗಾಟವೇ?

ಮ್ಯಾಟಿನಿ ನೋಡಿ ಹೊರಬಂದಾಗ ನದಿಯಲ್ಲಿ ಹಂಸಗಳಿಗೆ ಬ್ರೆಡ್ಡು ಎಸೆಯುವವರ ಗದ್ದಲ. ವಾಪಸು ರೈಲಿನಲ್ಲಿ ಅವನ ಕೊನೆಯ ಚಿತ್ರ, 1962ರ 'ಅಡ್ವೈಸ್ ಅಂಡ್ ಕನ್ಸೆಂಟ್' ಹಾಕಿಕೊಂಡು ಕೂತೆ. ಅಮೆರಿಕದ ದಕ್ಷಿಣದ ಮುದಿ ಸೆನೆಟರನ ಪಾತ್ರ. ಆ ಸೀಮೆಯ ಉಚ್ಚಾರಣೆ ಹಿಡಿಯಲು ಮಿಸಿಸಿಪಿಯ ಸೆನೆಟರ್ ಜಾನ್ ಸ್ಟೆನಿಸ್‌ರ ಮಾತಿಗೆ ಕಿವಿಗೊಟ್ಟು ಕಲಿತಿದ್ದ. ಹೆನ್ರಿಗೆ ಹೋಲ್ಬೈನ್, ಬ್ಲೈಗೆ ದರ್ಜಿಯ ಲೆಕ್ಕ, ಕ್ಲಾಡಿಯಸ್‌ಗೆ ಎಡ್ವರ್ಡ್. ಕಡೆಗೂ ಅದೇ ಚಾಳಿ. ಒಳಗೆ ಕ್ಯಾನ್ಸರ್ ಇತ್ತು, ಅದೇ ಡಿಸೆಂಬರಿನಲ್ಲಿ ತೀರಿಕೊಂಡ. ತೆರೆಯ ಮೇಲೆ ಮಾತ್ರ ಬಿಳಿ ಸೂಟಿನ ಸೆನೆಟರ್ ಸಭೆಯಲ್ಲಿ ತೂಕಡಿಸುವವನಂತೆ ಕೂತಿರುತ್ತಾನೆ. ಎಲ್ಲರೂ ಅವನನ್ನು ಮರೆತಾಗ ಮೆಲ್ಲಗೆ ಮೈ ಎತ್ತಿ, ಬೆಣ್ಣೆ ಹಚ್ಚಿದ ದನಿಯಲ್ಲಿ ಶುರುಮಾಡಿ, ಎದುರಿನವನ ಬುಡಕ್ಕೇ ಕೈಹಾಕುತ್ತಾನೆ. ನಾನು ಆ ಮಾತನ್ನು ಹಿಂದಕ್ಕೆ ಎಳೆದು ಎಳೆದು ಕೇಳಿದೆ, ಎಲ್ಲಾದರೂ ಸ್ಕಾರ್ಬರೊ ಇಣುಕುತ್ತದೋ ಎಂದು. ಬ್ಯಾನ್‌ಬರಿ ದಾಟಿದರೂ ಸಿಗಲಿಲ್ಲ.